ಬಕ್ಕಣದ ಜಂಪರ್ ಹೊಲಿಯೂ ಅಕ್ಕಾರ ಅಂಗಡಿ, ಹಳೇ ಬಾಗಲಕೋಟಿ: ಐದರಾಗ ನಾಕು ಸ್ಟಾರ್

ಕ್ಯಾನ್ಸರಿಗೆ ಎದಿ ತಗದ ಹೆಣ್ಮಕ್ಕಳಿಗೆ ಒಳಗ ಬಕ್ಕಣ (ಕಿಸೆ) ಇಟ್ಟು ಜಂಪರ್ (ಬ್ಲೌಸ್) ಹೊಲಿಯೂ ಈ ಅಂಗಡಿಗೆ ಬೋರ್ಡ್ ಇಲ್ಲ. ಹಳೇ ಬಾಗಲಕೋಟಿ ಪ್ಯಾಟ್ಯಾಗ, ಒಂದು ಬಳಿ ಅಂಗಡಿ ಮ್ಯಾಲಿನ ಮಾಳಿಗಿ. ಹದಿನೇಳು ಮೆಟ್ಲ. ನಾನ ಎಣಿಸೇನಿ, ಯಾಕಂದ್ರ ಹತ್ತೂವಾಗ ಹಿಡ್ಕೊಳ್ಳಾಕ ಸರಳು ಬಲಕ್ಕಷ್ಟ ಐತಿ, ನನ್ನ ಬಲಗೈಲೆ ಮೈಭಾರ ಜಗ್ಗಾಕ ಬರಂಗಿಲ್ಲ. ಅರ್ಧಾ ಸ್ಟಾರ್ ಆ ಮೆಟ್ಲದಾಗ ಹೋತು, ಮೊದಲ ಹೇಳಿಬಿಡ್ತೀನಿ.

ನಾನು ನವನಗರದಾಗ ಜ್ವಾಳದ ರೊಟ್ಟಿ ಮಾಡಿ ಖಾನಾವಳಿಗೆ ಕೊಡಾಕಿ. 2022ರ ದೀಪಾವಳಿ ಮುಂದ ಬಲಗಡೆ ಎದಿಯಾಗ ಗಂಟು ಕೈಗೆ ಹತ್ತಿತು. ನಮ್ಮ ನವನಗರದಿಂದ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ದವಾಖಾನಿಗೆ ಓಡಾಟ ಶುರುವಾತು. ಕೆರೂರು, ಕುಳಗೇರಿ ಕ್ರಾಸ್, ನರಗುಂದ, ನವಲಗುಂದ, ಎಲ್ಲಾ ಸ್ಟ್ಯಾಂಡಿನ ಚಹಾದ ರುಚಿ ಈಗ ನನಗ ಗೊತ್ತು. ಎದಿ ಪೂರ್ತಿ ತಗದ್ರು, ಬಗಲಾಗಿನ ಗಂಟೂ ತಗದ್ರು. 21 ದಿನಕ್ಕೊಮ್ಮೆ ಕೀಮೋ, ಮೊದಲ ನಾಕು ಸಲ ಕೆಂಪು ಔಷಧ, ಆಮ್ಯಾಲೆ ನಾಕು ಸಲ ಬ್ಯಾರೇದು. ಕಡೀಕ ಕರೆಂಟ್ (ರೇಡಿಯೇಶನ್) ಇಟ್ರು. ಆಯುಷ್ಮಾನ್ ಕಾರ್ಡಿನ್ಯಾಗ ಆಪರೇಶನ್ನು, ಔಷಧ ಎಲ್ಲಾ ಆತು. ಮನಿಗೆ ಬಂದ ಮ್ಯಾಲೆ ಮೈಮ್ಯಾಲೆ ಏನ ಹಾಕೊಳ್ಳೂದು ಅನ್ನೂದು ಮಾತ್ರ ಯಾ ಕಾರ್ಡಿನ್ಯಾಗೂ ಇರಲಿಲ್ಲ.

ಒಂದ್ಸಲ ತಪಾಸಣಿಗೆ ಹೋದಾಗ ನರ್ಸಿಂಗ್ ಓದೂ ಹುಡುಗಿ ಒಬ್ಬಾಕಿ ಹಾಳಿ ಹಿಡ್ಕೊಂಡು ಬಂದ್ಲು. ಯುರೋಪಿನ ಕ್ಯಾನ್ಸರ್ ಸಂಸ್ಥೆಯವರು ಮಾಡಿದ ಪ್ರಶ್ನಿ ಅಂತ. ಯಾ ಕ್ಯಾನ್ಸರ್ ಆದ್ರೂ 30 ಪ್ರಶ್ನಿ, ಎದಿದಕ್ಕ ಮ್ಯಾಲೆ 23. ಕೈ ಬಾತಿತ್ತೇನು, ತೋಳು ಎತ್ತಾಕ ತ್ರಾಸ ಆತೇನು, ನಿನ್ನ ಮೈ ನಿನಗ ಬ್ಯಾಸರ ಆಗೇತೇನು, ಎಲ್ಲಾ ಕೇಳಿದ್ಲು. ಇಲ್ಲ, ಥೋಡೆ, ಸಾಕಷ್ಟು, ಭಾಳ ಅಂತ ನಾಕರಾಗ ಒಂದು ಹೇಳಬೇಕು. ಮೂವತ್ತರಾಗಿನ ಕಡೀ ಎರಡಕ್ಕ ಮಾತ್ರ 1ರಿಂದ 7ರ ತನಕ ನಂಬರ್: ಹ್ವಾದ ವಾರ ನಿನ್ನ ಆರೋಗ್ಯ ಹೆಂಗಿತ್ತು, ನಿನ್ನ ಜೀವನ ಒಟ್ಟಾರೆ ಹೆಂಗಿತ್ತು. ಜೀವನಕ್ಕ ನಾನು 3 ಅಂದೆ. ಬರ್ಕೊಂಡ್ಲು, ಹೋದ್ಲು. ಪಾಪ, ಆಕಿ ಹಾಳಿಯಾಗ ಯಾಕ ಅಂತ ಕೇಳೂದಿರಲಿಲ್ಲ. ಕೇಳಿದ್ರ ಹೇಳ್ತಿದ್ದೆ, ಯವ್ವಾ, ಲಗ್ನಕ್ಕ ಹೋಗಾಕ ನನಗ ಒಂದು ಜಂಪರ್ ಇಲ್ಲ ಅಂತ.

ಇದು ಸಣ್ಣ ಮಾತು ಅನಸ್ತೈತಿ. ಒಂದು ಕಡೆ ಎದಿ ಐತಿ, ಒಂದು ಕಡೆ ಇಲ್ಲ, ಬಲಗೈ ಎಡಗೈಗಿಂತ ದಪ್ಪ. ಹಳೇ ಜಂಪರಿನ ತೋಳು ಬಲಗೈಗೆ ಏರಂಗಿಲ್ಲ, ಏರಿದ್ರ ರಟ್ಟಿ ಮ್ಯಾಲೆ ಬಳಿ ಹಾಕಿದಂಗ ಗುರುತು ಬೀಳತೈತಿ. ನಮ್ಮ ಓಣಿ ಟೇಲರ್ ಕಡೆ ಹೋದೆ. ಅಂವಾ ಎಡಗೈ ಅಳತಿ ತಗೊಂಡು ಎರಡೂ ತೋಳು ಹೊಲದ. ಬಲಕ್ಕ ಬಿಗಿ ಆಗೇತಿ ಅಂದ್ರ, "ಊಟ ಕಡಿಮಿ ಮಾಡ್ರಿ ಅಕ್ಕಾರ" ಅಂದ. ಅಂವಗ ಏನಂತ ಹೇಳ್ಲಿ.

ಎದಿ ಜಾಗಾಕ್ಕ ಹುಬ್ಬಳ್ಳ್ಯಾಗ ಸಿಲಿಕಾನಿಂದು ತೋರಿಸಿದ್ರು. ಚಲೋ ಐತಿ, ಸುಳ್ಳು ಹೇಳಬಾರದು, ಮುಟ್ಟಿದ್ರ ಚರ್ಮದಂಗ. ಆದ್ರ 6,500 ಅಂದ್ರು, ಅದಕ್ಕಂತ ಹೊಲದ ಬಾಡಿ (ಬ್ರಾ) ಬ್ಯಾರೆ ಬೇಕು, ಪಿನ್ ಚುಚ್ಚಿದ್ರ ಕೆಡತೈತಿ. ಸೆರಗಿಗೆ ಪಿನ್ ಇಲ್ಲದ ಕೆಲಸ ಮಾಡಾಕ ಆಗತೈತೇನು? ಅದೂ ಅಲ್ಲದ ನಾನು ಒಲಿ ಮುಂದ ಕುಂದ್ರಾಕಿ. ಕ್ಯಾನ್ಸರ್ ತಿರುಗಿ ಬರಬಾರದು ಅಂತ ದಿನಾ ನುಂಗೂ ಟಾಮೊಕ್ಸಿಫೆನ್ ಗುಳಗಿಗೆ ಒಮ್ಮಿಂದೊಮ್ಮೆ ಮೈಯೆಲ್ಲಾ ಝಳಾ ಹೊಡಿತೈತಿ, ಅದು ಒಲಿದೋ ಮೈಯಾಗಿಂದೋ ಗೊತ್ತಾಗಂಗಿಲ್ಲ. ಅದರ ಮ್ಯಾಲೆ ಸಿಲಿಕಾನ್ ಇಟ್ಕೊಂಡ್ರ ಕೆಳಗ ಬೆವರು ಹಳ್ಳ ಹರದಂಗ ಹರಿತೈತಿ.

ಹಂಗಂತ ಖಾಲಿ ಬಿಟ್ರೂ ನಡಿಯಂಗಿಲ್ಲ. ಒಂದು ಕಡೆ ತೂಕ ಇಲ್ಲಂದ್ರ ಹೆಗಲು ವಾರಿ ಆಗತೈತಿ, ಬೆನ್ನು ಹಿಡಿತೈತಿ. ಅದಕ್ಕ ನಾನ ಮಾಡ್ಕೊಂಡೆ. ಹಳೇ ಸೀರಿ ತುಂಡಿನ್ಯಾಗ ಸಾಸಿವಿ ತುಂಬಿ, ಹಿಟ್ಟು ತೂಗೂ ತಕ್ಕಡಿಯಾಗ ಇಟ್ಟು ನಾಕನೂರು ಗ್ರಾಂ ಮಾಡಿ ಹೊಲದೆ. ಒಂದು ತಿಂಗಳು ಭೇಷ್ ನಡೀತು. ಒಂದಿನ ತಪಾಸಣಿ ಮುಗಿಸಿ ಬರೂವಾಗ ಕುಳಗೇರಿ ಕ್ರಾಸಿನ್ಯಾಗ ಬಸ್ಸಿನವ ಬ್ರೇಕ್ ಹಾಕಿದ, ಮುಂದಿನ ಸೀಟಿಗೆ ಎದಿ ಬಡೀತು, ಹೊಲಿಗಿ ಬಿಚ್ಚಿತು. ಸೆರಗಿನ ಕೆಳಗಿಂದ ಸಾಸಿವಿ ಸುರ್ ಅಂತ ಸುರಿದು ಬಸ್ಸೆಲ್ಲಾ ಉಳ್ಳಾಕ ಹತ್ತಿತು. ಕಂಡಕ್ಟರ್ ಬಂದು, "ಏನ್ ಅಕ್ಕಾರ, ಒಗ್ಗರಣಿ ಸಾಮಾನು ಚೀಲದಾಗ ಇಟ್ಕೊಬಾರದೇನು" ಅಂದ. ನಮ್ಮ ವೈನಿ ಬಾಜೂಕ ಕುಂತಿದ್ರು, ನಕ್ಕೂ ನಕ್ಕೂ ಕಣ್ಣಾಗ ನೀರು. ನಾನೂ ನಕ್ಕೆ. ಮನಿಗೆ ಬಂದು ಬಾಗಲಾ ಹಾಕೊಂಡ ಮ್ಯಾಲೆ ಅತ್ತೆ.

ಈ ಅಕ್ಕಾರ ಅಂಗಡಿ ಹೇಳಿದಾಕಿ ಒಬ್ಬಾಕಿ ಸಾಲಿ ಟೀಚರ್, ಕೀಮೋ ವಾರ್ಡಿನ್ಯಾಗ ಪರಿಚಯ ಆದಾಕಿ. ಅಕ್ಕಾರ ಕಡೆ ಇಂಥಾ ಜಂಪರ್ ಮೊದಲ ಹೊಲಸಿದಾಕೀನೂ ಆಕೀನ ಅಂತ ಆಮ್ಯಾಲೆ ಗೊತ್ತಾತು. ಮೂರು ಸಲ ಬಿಚ್ಚಿ ಹೊಲದ್ರಂತ.

ಹೋದ ಕೂಡಲೆ ಅವರು ಕೇಳಿದ್ದು ಒಂದ: "ಯಾ ಕಡೆ?" ಬಲಕ್ಕ ಅಂದೆ. ಹೆಂಗಾತು, ಯಾವಾಗ ಆತು, ಮನಿಯಾಗ ಯಾರಿಗಾರ ಇತ್ತೇನು, ಏನೂ ಇಲ್ಲ. ಟೇಪ್ ತಗೊಂಡ್ರು, ನನ್ನ ಮಾರಿ ನೋಡಿದ್ರು, ತಿರುಗಿ ಇಟ್ರು. "ಈಗ ಮುಂಜಾನಿ ಹನ್ನೊಂದು. ರೊಟ್ಟಿ ಕೆಲಸ ಅಂತೀರಿ. ಸಂಜಿಕ ಬರ್ರಿ, ಕೈ ಬಾತ ಮ್ಯಾಲೆ" ಅಂದ್ರು.

ಸಿಟ್ಟು ಬಂದಿತ್ತು, ಹದಿನೇಳು ಮೆಟ್ಲ ಎರಡು ಸಲ ಹತ್ತೂದು ಅಂತ. ಆದ್ರ ಅಕ್ಕಾರ ಮಾತು ಖರೆ. ಬಾವು ಇಳಿಸಾಕ ನಾನು ಹಾಕೊಳ್ಳೂ ಬಿಗಿ ಸ್ಲೀವ್ ಐತೆಲ್ಲಾ, ಅದರ ಅಳತಿ ಮುಂಜಾನಿ ತಗೋತಾರ, ಕೈ ಇಳದಿದ್ದಾಗ. ಅದು ಒತ್ತಬೇಕಲ್ಲಾ, ಅದಕ್ಕ. ಜಂಪರ್ ಒತ್ತಬಾರದು. ಅದಕ್ಕ ಸಂಜೀ ಅಳತಿ. ಬಗಲಾಗಿನ ಗಂಟು ತಗದ್ರ ಕೈಯಾಗಿನ ನೀರು ಇಳಿಯೂ ದಾರಿ ಕಡಿಮಿ ಆಗತೈತಿ, ದಿನಾ ದುಡದಂಗ ಸಂಜೀಮುಂದ ಏರತೈತಿ. ಇದನ್ನ ಫಿಜಿಯೋಥೆರಪಿ ಮೇಡಂ ಎಷ್ಟು ಸಲ ತಿಳಿಸಿ ಹೇಳಿದ್ರು. ನನ್ನ ತಲಿಗೆ ಹೋಗಿದ್ದು ಟೇಪ್ ಹಿಡ್ಕೊಂಡಾಕಿ ಹೇಳಿದಾಗ.

ಸಂಜಿ ಐದೂವರಿಗೆ ಹೋದೆ. ಅವರದೊಂದು ಉದ್ದನ್ನ ವಹಿ ಐತಿ. ಒಬ್ಬೊಬ್ಬರಿಗೆ ಒಂದೊಂದು ಪುಟ, ನಡುವ ಗೆರಿ, ಈ ಕಡೆ ಎಡ, ಆ ಕಡೆ ಬಲ. ನನ್ನ ರಟ್ಟಿ ಎಡಕ್ಕ ಹನ್ನೊಂದು ಇಂಚು, ಬಲಕ್ಕ ಹನ್ನೆರಡೂವರಿ. ಮೊಳಕೈ ಮ್ಯಾಲೆ, ಮೊಳಕೈ ಕೆಳಗ, ಬಗಲ ಸುತ್ತು, ಎಲ್ಲಾ ಬ್ಯಾರೆ ಬ್ಯಾರೆ. ಬೆನ್ನಿಗೂ ಎರಡು ಅಳತಿ ತಗೊಂಡ್ರು, ಹೆಗಲು ವಾರಿ ಆಗೇತಿ ಅಂತ ನನಗಿಂತ ಮೊದಲ ಅವರಿಗೆ ಕಂಡಿತ್ತು.

ಇನ್ನ ಜಂಪರಿನ ಮಾತು. ನಾಕು ಹೊಲಸೇನಿ, ಮೂರು ಸಾದಾ, ಒಂದು ಗುಳೇದಗುಡ್ಡ ಖಣದ್ದು. ಒಳಗ ಮಲ್‌ಬಟ್ಟಿ ಅಸ್ತರ, ಗಾಯದ ಗೆರಿ ಮ್ಯಾಲೆ ಹೊಲಿಗಿ ಬರದಂಗ. ಬಲಕ್ಕ ಒಳಗ ಒಂದು ಬಕ್ಕಣ, ಎದಿ ಬದಲಿ ಇಡೂದನ್ನ ಬಗಲ ಕಡೆಯಿಂದ ತೂರಿಸಬೇಕು, ಬಗ್ಗಿದ್ರೂ ಜಾರಂಗಿಲ್ಲ. ನಾನು ಬಗ್ಗಿ ರೊಟ್ಟಿ ಬಡದು ಪರೀಕ್ಷಾ ಮಾಡೇನಿ. ಹುಕ್ಕಿನ ಬದಲಿ ದೊಡ್ಡ ಟಿಚ್ ಬಟನ್. ಎರಡನೇ ನಮೂನಿ ಕೀಮೋ ಆದಾಗಿಂದ ನನ್ನ ಬೆರಳ ತುದಿ ಜೋಮು ಹಿಡದಂಗ, ಹುಕ್ಕು ಸಿಗಂಗಿಲ್ಲ, ಎಸರಿನ ಬಿಸೀನೂ ಪೂರ್ತಿ ತಿಳಿಯಂಗಿಲ್ಲ. (ಬಾತ ಕೈಗೆ ಸುಟ್ಟ ಗಾಯ ಆಗಬಾರದು ಅಂತ ಡಾಕ್ಟರ್ ಹೇಳ್ಯಾರ. ಅದಕ್ಕ ಹಿಟ್ಟು ಕಲಸೂದು ಈಗ ಮಗಳು, ಬಡಿಯೂದಷ್ಟ ನಾನು. ಮೊದಲ ದಿನಾ ಇನ್ನೂರು, ಈಗ ತೊಂಬತ್ತು.)

ಎಲ್ಲಾ ಮುಂದ ಬಿಚ್ಚೂದು. ಹಿಂದ ಹುಕ್ಕಿನ ಫ್ಯಾಶನ್ ನಮ್ಮಂಥವರಿಗೆ ಆಗಿಬರಂಗಿಲ್ಲ, ಕೈ ಹಿಂದಕ್ಕ ಹೋಗಬೇಕಲ್ಲಾ. ಇದು ಹೊಸಾದಲ್ಲ ಅಂತಾರ ಅಕ್ಕಾರ. ನಮ್ಮ ಅತ್ತಿ ಕಾಲದ ಖಣದ ಕುಬಸ ಮುಂದ ಗಂಟು ಹಾಕೂದ ಇತ್ತು, ಬಗಲಿಗೆ ಚೌಕ ತುಂಡು ಕೂಡಸ್ತಿದ್ರು, ತೋಳು ಎಷ್ಟು ಎತ್ತಿದ್ರೂ ಜಗ್ಗತಿರಲಿಲ್ಲ. ಆ ಚೌಕ ತುಂಡ ನನ್ನ ಬಲಬಗಲಿಗೆ ಇಟ್ಟು ಒಂದೂವರಿ ಇಂಚು ಜಾಸ್ತಿ ಮಾಡ್ಯಾರ. ಖಣ ಎಲಾಸ್ಟಿಕ್ಕಿನಂಗ ಹಿಗ್ಗೂ ಬಟ್ಟಿ ಅಲ್ಲ, ಆದ್ರೂ ತುಂಡು ಕೂಡಿಸಿದ್ದು ಹುಡುಕಿದ್ರೂ ಸಿಗಂಗಿಲ್ಲ, ಬುಟ್ಟಾಕ್ಕ ಬುಟ್ಟಾ ಕೂಡೇತಿ. ಇದಕ್ಕ ಬ್ಯಾರೆ ಸ್ಟಾರ್ ಕೊಡಾಕ ಬಂದಿದ್ರ ಕೊಡ್ತಿದ್ದೆ.

ಬಕ್ಕಣದಾಗ ಇಡೂದನ್ನೂ ಅವರ ಮಾಡಿಕೊಡ್ತಾರ. ಮೆತ್ತನ್ನ ಅರಿವಿ, ಒಳಗ ಹತ್ತಿ, ತಳಕ್ಕ ತೂಕಕ್ಕಂತ ಗಾಜಿನ ಮಣಿ ಚೀಲ. ಮಣಿ ಕೆಳಗಿನ ಬಳಿ ಅಂಗಡಿಯಿಂದ. ಒಗಿಯೂವಾಗ ಮಣಿ ಚೀಲ ಹೊರಗ ತಗೀಬೇಕು, ಹತ್ತಿ ಬಿಸಲಿಗೆ ಪೂರ್ತಿ ಒಣಗಬೇಕು, ಮಳಿಗಾಲದಾಗ ಎರಡು ದಿನ ಹಿಡಿತೈತಿ. ಹಂಗಾಗಿ ಎರಡು ಮಾಡಿಸಿಕೊಳ್ರಿ. ನನ್ನ ಸಾಸಿವಿ ಕತಿ ಕೇಳಿ ಅಕ್ಕಾರು, "ಸಾಸಿವಿ ಏನ ಮಾಡತೈತಿ, ಒಬ್ಬಾಕಿ ಅಕ್ಕಿ ತುಂಬ್ಕೊಂಡು ಬಂದಿದ್ಲು, ಹುಳಾ ಆಗಿದ್ವು" ಅಂದ್ರು.

ರೇಟು: ಸಾದಾ 350, ಖಣ 600, ಹತ್ತಿದು 150, ಹಳೇ ಜಂಪರ್ ತೋಳು ಬಿಡಸಾಕ 80. ಚೌಕಾಸಿ ಮಾಡಂಗಿಲ್ಲ, ನಾನು ಮಾಡಿ ನೋಡೇನಿ.

ತಕರಾರು ರಗಡ ಅದಾವ. ಹೇಳಿದ ತಾರೀಖಿಗೆ ಒಂದ ಸಲನೂ ಕೊಟ್ಟಿಲ್ಲ. ಖಣದ್ದು ಹೋಳಿ ಮುಂದ ಕೊಡ್ತೀನಿ ಅಂದ್ರು. ಬಾಗಲಕೋಟಿ ಹೋಳಿ ನಿಮಗ ಗೊತ್ತೈತಿ, ಬ್ಯಾರಲ್‌ಗಟ್ಟಲೆ ಬಣ್ಣ, ಪ್ಯಾಟಿ ಬಂದ್, ನನ್ನ ಜಂಪರ್ ಯುಗಾದಿಗೆ ಬಂತು. ಫೋನ್ ಎತ್ತಂಗಿಲ್ಲ. ಅಳತಿ ತಗೊಳ್ಳೂ ಜಾಗಾಕ್ಕ ಬಾಗಲಾ ಇಲ್ಲ, ಒಂದು ಪರದೆ, ಅದೂ ಗಿಡ್ಡ. ಎದಿ ಬಿಚ್ಚಿ ನಿಂತಾಕಿಗೆ ಹೊರಗಿನ ಗಂಡಸರ ದನಿ ಕೇಳಿದ್ರ ಹೆಂಗಾಗತೈತಿ? ಇದನ್ನ ಮಾರಿಗೆ ಹೇಳೇನಿ, ಚಿಲಕ ಹಾಕಸ್ತೀನಿ ಅಂದಾರ, ವರ್ಷ ಆತು. ಮತ್ತ ಒಂದು ಸಾದಾ ಜಂಪರಿಗೆ ಬಕ್ಕಣ ಎಡಕ್ಕ ಹೊಲದಿದ್ರು! ನೋಡಿ ಇಬ್ಬರೂ ಬಾಯಿ ಮ್ಯಾಲೆ ಕೈ ಇಟ್ವಿ. ಬಿಚ್ಚಿ ರೊಕ್ಕ ಇಲ್ಲದ ಹೊಲದುಕೊಟ್ರು.

ಆದ್ರ ಒಂದು ಮಾತು. ನಾನಿದ್ದಾಗ ಒಬ್ಬಾಕಿ ಮುಧೋಳ ಕಡೆಯಾಕಿ ಬಂದ್ಲು, ಕೈ ಕೆಂಪಗ, ಬಿಸಿ, ಮೈಗೆ ಜ್ವರ. ಅಕ್ಕಾರು ಟೇಪ್ ಮುಟ್ಟಲಿಲ್ಲ. "ಇದು ಹೊಲಿಗಿ ಕೆಲಸಲ್ಲವ್ವಾ, ಈಗಿಂದೀಗ ಡಾಕ್ಟರ್ ಕಡೆ ಹೋಗು" ಅಂತ ರಿಕ್ಷಾ ಕರಸಿ ಕಳಿಸಿದ್ರು. ಬಾತ ಕೈಗೆ ಸೋಂಕು ಹತ್ತಿದ್ರ ತಡಾ ಮಾಡಬಾರದು, ಅದು ಅವರಿಗೆ ಗೊತ್ತೈತಿ. ದುಡ್ಡು ಬರೂ ಗಿರಾಕಿ ಅಂತ ಇಟ್ಕೊಳ್ಳಲಿಲ್ಲ.

ಹೋಗೂವರು ಶನಿವಾರ ಹೋಗಬ್ಯಾಡ್ರಿ, ಗದ್ದಲ. ಸರಿ ಕೂಡೂ ಹಳೇ ಜಂಪರ್ ಒಂದು ಒಯ್ರಿ. ಆಪರೇಶನ್ ಆಗಿ ಎರಡು ತಿಂಗಳಾದ್ರೂ ಆಗಿರ್ಲಿ, ಹಸೀ ಗಾಯಕ್ಕ ಅವರು ಅಳತಿ ತಗೊಳ್ಳಂಗಿಲ್ಲ. ಬಳಿ ಅಂಗಡಿಯಾಗ "ವಹಿ ಅಕ್ಕಾರು" ಅಂದ್ರ ಮೆಟ್ಲ ತೋರಸ್ತಾರ.

ತವರಮನಿಯಿಂದ ಪಂಚಮಿಗೆ ಬಂದ ಖಣ ಒಂದು ಹಂಗ ಐತಿ, ಗಿಣಿ ಹಸರು. ಬರೂ ಸೋಮವಾರ ಸಂಜಿ ಐದೂವರಿಗೆ ಬಾ ಅಂದಾರ. ಅವತ್ತಿನ ತೊಂಬತ್ತು ಬಡದು ಹೋಗಬೇಕು, ಕೈ ಬಾತಿರಬೇಕಲ್ಲಾ.