ಪೈಥಾನ್ ಕಾನ್ಫಿಗ್ ಫೈಲ್‌ಗೆ ಯಾವ್ದು: ಯಾಮಲ್, ಜೇಸನ್, ಟಾಮಲ್?

ಕಾನ್ಫಿಗ್, ಅಂದ್ರೆ ಪ್ರೋಗ್ರಾಮ್‌ನ ಸೆಟ್ಟಿಂಗ್ಸ್ ಫೈಲ್, ಯಾವ ಫಾರ್ಮ್ಯಾಟಲ್ಲಿ ಇಡೋದು ಅಂತ ಯೋಚಿಸ್ತಿದ್ರೆ ಮೊದ್ಲು ನೋಡ್ಬೇಕಾದ್ದು, ಫೈಲ್ ಓದುವಾಗ ಅದ್ರೊಳಗಿರೋದು ಕೋಡ್ ಆಗಿ ಓಡೋ ಚಾನ್ಸ್ ಇದ್ಯಾ ಅಂತ. ಯಾಮಲ್‌ನಲ್ಲಿ ಇದೆ. ಪೈಥಾನಲ್ಲಿ ಯಾಮಲ್ ಓದೋ ಲೈಬ್ರರಿ ಪೈಯಾಮಲ್‌ನ ಹಳೇ ವರ್ಷನ್‌ಗಳಲ್ಲಿ ಬರೀ ಲೋಡ್ ಫಂಕ್ಷನ್ ಕರೆದು ಯಾರೋ ಕೊಟ್ಟ ಫೈಲ್ ಹಾಕಿದ್ರೆ, ಅದ್ರಲ್ಲಿ ಪೈಥಾನ್ ಆಬ್ಜೆಕ್ಟ್ ಟ್ಯಾಗ್ (ಇಂಥ ಪೈಥಾನ್ ಫಂಕ್ಷನ್ ಓಡ್ಸು ಅನ್ನೋ ಗುರುತು) ಒಂದು ಸಾಲು ಇದ್ರೂ ಸಾಕು, ನಿಮ್ ಸರ್ವರ್ ಮೇಲೆ ಶೆಲ್ ಕಮಾಂಡೇ ಓಡತ್ತೆ. 2021ರಲ್ಲಿ ಬಂದ 6.0ಯಿಂದ ಲೋಡರ್ (ಫೈಲ್ ಓದೋ ಭಾಗ) ಯಾವ್ದು ಅಂತ ಹೇಳ್ಲೇಬೇಕು, ಆದ್ರೂ ಅನ್‌ಸೇಫ್ ಲೋಡರ್ ಇನ್ನೂ ಅಲ್ಲೇ ಇದೆ, ಹಾಗಾಗಿ ಸೇಫ್ ಲೋಡ್ ಬಿಟ್ಟು ಬೇರೆ ಮುಟ್ಲೇಬೇಡಿ. ಅದ್ರಲ್ಲೂ ಒಂದು ಕಾಟ ಇದೆ, ನಾರ್ವೆಯ ಕಂಟ್ರಿ ಕೋಡ್ ಎನ್ಓ ಕೋಟ್ಸ್ ಇಲ್ದೆ ಬರೆದ್ರೆ ಅದನ್ನ ಇಂಗ್ಲಿಷ್‌ನ ‘ನೋ’ ಅಂದ್ಕೊಂಡು ಫಾಲ್ಸ್ ಆಗೋಗತ್ತೆ.

ಜೇಸನ್ ಸೇಫು. ಆದ್ರೆ ಕಾಮೆಂಟ್ ಹಾಕೋಕಾಗಲ್ಲ, ಟೈಮ್‌ಔಟ್ 30 ಯಾಕಿಟ್ವಿ ಅಂತ ಮುಂದೆ ಬರೋರಿಗೆ ಹೇಳೋಕೆ ಜಾಗನೇ ಇಲ್ಲ.

ನನ್ ವೋಟು ಟಾಮಲ್‌ಗೇ. ಪೈಥಾನ್ 3.11ರಿಂದ ಟಾಮಲ್ ಓದೋ ಟಾಮಲ್‌ಲಿಬ್ ಲೈಬ್ರರಿ ಪೈಥಾನ್ ಜೊತೆಗೇ ಬರತ್ತೆ, ಏನೂ ಇನ್‌ಸ್ಟಾಲ್ ಮಾಡ್ಬೇಕಿಲ್ಲ, ಕಾಮೆಂಟೂ ಬರೀಬೋದು, ಫೈಲನ್ನ ಬೈನರಿ ಮೋಡಲ್ಲಿ ಓಪನ್ ಮಾಡಿದ್ರೆ ಆಯ್ತು. ಓದೋಕೆ ಮಾತ್ರ, ಬರೆಯೋಕೆ ಬೇರೆ ಲೈಬ್ರರಿ ಬೇಕು. ಸೆಟ್ಟಿಂಗ್ಸ್ ತುಂಬಾ ನೆಸ್ಟ್ ಆಗಿದ್ರೆ (ಒಂದರೊಳಗೊಂದು ಇದ್ರೆ) ಯಾಮಲ್ಲೇ ಇಟ್ಕೊಳ್ಳಿ, ಸೇಫ್ ಲೋಡ್ ಜೊತೆ. ಪಾಸ್‌ವರ್ಡ್ ಮಾತ್ರ ಮೂರರಲ್ಲೂ ಬೇಡ, ಎನ್ವಿರಾನ್ಮೆಂಟ್ ವೇರಿಯಬಲ್‌ಗೆ (ಫೈಲ್‌ನ ಹೊರಗೆ ಆಪರೇಟಿಂಗ್ ಸಿಸ್ಟಮ್ ಮೂಲಕ ಪ್ರೋಗ್ರಾಮ್‌ಗೆ ಸಿಗೋ ಮೌಲ್ಯ) ಹಾಕಿ.