ಹ್ಯಾನೋವರ್‌ಗೆ ಮೂರು ಪ್ರಯಾಣ, ಮೂರು ಬಗೆಯ ಪೆಟ್ಟಿಗೆ

ಪೀಣ್ಯದ ನಮ್ಮ ಸಣ್ಣ ಕಾರ್ಖಾನೆಯ ಉಕ್ಕಿನ ಬುಷ್‌ಗಳಿಗೆ (ಯಂತ್ರದ ದಂಡಕ್ಕೆ ಆಸರೆಯಾಗುವ ಕೊಳವೆಯಾಕಾರದ ಬಿಡಿಭಾಗ) ಗಿರಾಕಿ ಹುಡುಕುತ್ತಾ ಜರ್ಮನಿಯ ಹ್ಯಾನೋವರ್‌ಗೆ ಮೂರು ಸಲ ಹೋಗಿ ಬಂದಿದ್ದೇನೆ: 2019, 2023, 2025. ಪ್ರತಿ ಸಲವೂ ಸೆಪ್ಟೆಂಬರ್‌ನಲ್ಲಿ, ಯಂತ್ರೋಪಕರಣಗಳ ಇಎಂಒ ಮೇಳಕ್ಕೆ. ಊರು ಅದೇ, ಕೆಲಸ ಅದೇ. ಪೆಟ್ಟಿಗೆ ಕಟ್ಟಿದ ರೀತಿ ಮಾತ್ರ ಬೇರೆ.

ಮೊದಲ ಸಲ ದೊಡ್ಡ ಸೂಟ್‌ಕೇಸ್. ಮಿತಿ 23 ಕಿಲೋ ಎಂದರೆ 23 ಕಿಲೋ ತುಂಬಲೇಬೇಕು ಎಂದು ಹಟ ಹಿಡಿದವನಂತೆ ಕೋಟು, ಬೂಟು, ಮಾದರಿ ಬಿಡಿಭಾಗಗಳು, ಕ್ಯಾಟಲಾಗ್ ಎಲ್ಲವನ್ನೂ ಅದಕ್ಕೇ ತುರುಕಿ ಚೆಕ್-ಇನ್‌ಗೆ ಹಾಕಿದೆ. ನಡುವೆ ವಿಮಾನ ಬದಲಿಸಬೇಕಿತ್ತು. ಭಾನುವಾರ ಮಧ್ಯಾಹ್ನ ಇಳಿದಾಗ ನಾನು ಬಂದಿದ್ದೆ, ಪೆಟ್ಟಿಗೆ ಬಂದಿರಲಿಲ್ಲ. ಎಲ್ಲರೂ ಹೋದ ಮೇಲೆ ಬೆಲ್ಟಿನ ಮೇಲೆ ಯಾರದೋ ಮಗುವಿನ ತಳ್ಳುಗಾಡಿಯೊಂದೇ ಸುತ್ತು ಹೊಡೆಯುತ್ತಿತ್ತು. ದೂರಿನ ಫಾರ್ಮ್ ತುಂಬಿ, ಅಂಗಿ ಕೊಳ್ಳೋಣವೆಂದು ಹೊರಟರೆ ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಬಾಗಿಲು ಹಾಕಿರುತ್ತವೆ! ರೈಲು ನಿಲ್ದಾಣದೊಳಗಿನ ಅಂಗಡಿಯಲ್ಲಿ ಹಲ್ಲುಜ್ಜುವ ಬ್ರಷ್ ಮತ್ತು ಕಾಲುಚೀಲ ಸಿಕ್ಕಿದ್ದೇ ಪುಣ್ಯ. ಮರುದಿನ ಮೇಳದ ಉದ್ಘಾಟನೆಗೆ ಜೀನ್ಸ್, ಕ್ಯಾನ್ವಾಸ್ ಬೂಟು, ಮೇಲೆ ಸಹೋದ್ಯೋಗಿಯ ಕೋಟು. ತೋಳು ನಾಲ್ಕು ಬೆರಳು ಗಿಡ್ಡ. ಪೆಟ್ಟಿಗೆ ಬಂದದ್ದು ಮಂಗಳವಾರ ಸಂಜೆ.

ಆ ಸಿಟ್ಟಿನಲ್ಲಿ 2023ರಲ್ಲಿ ಬರೀ ಕ್ಯಾಬಿನ್ ಟ್ರಾಲಿ. ಮಿತಿ 8 ಕಿಲೋ; ಖಾಲಿ ಟ್ರಾಲಿಯೇ 2.8 ಕಿಲೋ ತಿಂದುಹಾಕಿತು. ಉಳಿದದ್ದರಲ್ಲಿ ನಾಲ್ಕು ಅಂಗಿ, ಎರಡು ಪ್ಯಾಂಟು. ಕೋಟು ಮತ್ತು ಬೂಟು ಮೈಮೇಲೆ. ಇಳಿದ ಮೇಲೆ ಬೆಲ್ಟಿನ ಮುಂದೆ ನಿಲ್ಲುವ ಗೋಳಿಲ್ಲ. ಮೇಳದ ವಾರ ಹ್ಯಾನೋವರ್‌ನಲ್ಲಿ ಕೊಠಡಿಗಳ ಬಾಡಿಗೆ ಗಗನಕ್ಕೇರುವುದರಿಂದ ಹತ್ತಿರದ ಊರಾದ ಬ್ರೌನ್‌ಶ್ವೈಗ್‌ನಲ್ಲಿ ಉಳಿದು ರೈಲಿನಲ್ಲಿ ಓಡಾಡಿದೆ. ಮೊದಲ ದಿನ ಆ ಟ್ರಾಲಿಯನ್ನು ಒಂದೇ ಕೈಯಲ್ಲಿ ಎತ್ತಿ ರೈಲು ಹತ್ತಿದ ಸುಖ ಬೇರೆ. ಆದರೆ ರಾತ್ರಿ ಹೋಟೆಲಿನ ಬೇಸಿನ್‌ನಲ್ಲಿ ಅಂಗಿ ಒಗೆಯುವ ಕೆಲಸವೂ ಸೇರಿಕೊಂಡಿತು. ಸಸ್ಯಾಹಾರಿಯಾದ ನನಗೆ ಆರು ದಿನ ಬ್ರೆಡ್ಡು, ಚೀಸು, ಆಲೂಗಡ್ಡೆ. ಇನ್ನೊಂದು ನಷ್ಟ ಹೊರಡುವಾಗಲೇ ಆಗಿತ್ತು. ಭದ್ರತಾ ತಪಾಸಣೆಯಲ್ಲಿ ವ್ಯಾಸ ಅಳೆಯುವ ನನ್ನ ವರ್ನಿಯರ್ ಕ್ಯಾಲಿಪರನ್ನು ಹೊರತೆಗೆದು, ತುದಿ ಚೂಪಾಗಿದೆ ಎಂದು ಅಲ್ಲಿಯೇ ಇಟ್ಟುಕೊಂಡರು. ವಾದ ಮಾಡುವಂತಿರಲಿಲ್ಲ, ತುದಿ ನಿಜಕ್ಕೂ ಚೂಪೇ. ಮೇಳದಲ್ಲಿ ಗಿರಾಕಿಯೊಬ್ಬರು ಬುಷ್‌ನ ಒಳವ್ಯಾಸ ಅಳೆದು ತೋರಿಸಿ ಎಂದಾಗ ಪಕ್ಕದ ಮಳಿಗೆಯವರ ಬಳಿ ಬೇಡಿ ತರಬೇಕಾಯಿತು. ಅಳತೆಯ ಉಪಕರಣವಿಲ್ಲದೆ ಬುಷ್ ಮಾರಲು ಬಂದವನನ್ನು ಆ ಗಿರಾಕಿ ನೋಡಿದ ನೋಟ ಇನ್ನೂ ನೆನಪಿದೆ.

ಹೀಗಾಗಿ 2025ರಲ್ಲಿ ಎರಡನ್ನೂ ಬೆರೆಸಿದೆ. ವಿಂಗಡಿಸುವಾಗ ಕೇಳಿಕೊಂಡದ್ದು ಒಂದೇ: ದೊಡ್ಡ ಪೆಟ್ಟಿಗೆ ಬಾರದಿದ್ದರೆ ಸೋಮವಾರ ಬೆಳಿಗ್ಗೆ ಮಳಿಗೆಯಲ್ಲಿ ನಿಲ್ಲಬಲ್ಲೆನೇ? ಅದಕ್ಕೆ ಬೇಕಾದದ್ದೆಲ್ಲ ಕ್ಯಾಬಿನ್‌ಗೆ. ಒಂದು ಜೊತೆ ಇಸ್ತ್ರಿ ಬಟ್ಟೆ, ಮೂರು ಸಣ್ಣ ಮಾದರಿಗಳು, ಚೀಟಿಯ ಸಮೇತ ಬಿಪಿ ಮಾತ್ರೆ, ವೀಸಾಕ್ಕಾಗಿ ಮಾಡಿಸಿದ 30,000 ಯೂರೋ ವಿಮೆಯ ಪ್ರತಿ. ಪವರ್ ಬ್ಯಾಂಕನ್ನು ಹೇಗೂ ಚೆಕ್-ಇನ್‌ಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್ ಒಳಗಿದ್ದರೆ ಕೈಚೀಲದಲ್ಲಿ ತೊಂದರೆಯಿಲ್ಲ, ನನ್ನ 20,000 ಎಂಎಎಚ್‌ನದು 74 ಬರುತ್ತದೆ. ಲ್ಯಾಪ್‌ಟಾಪಿನ ಮೂರು ಪಿನ್ನಿನ ಪ್ಲಗ್ಗಿಗೆ ಅಡಾಪ್ಟರ್ ಬೇಕೇಬೇಕು, ಮೊಬೈಲಿನ ಎರಡು ದುಂಡು ಪಿನ್ನಿನ ಚಾರ್ಜರ್ ಮಾತ್ರ ಅಲ್ಲಿನ ಸಾಕೆಟ್ಟಿಗೆ ಹಾಗೆಯೇ ಕೂರುತ್ತದೆ.

ದೊಡ್ಡ ಪೆಟ್ಟಿಗೆ 15 ಕಿಲೋ ಮಾತ್ರ: ಭಾರದ ಮಾದರಿಗಳು, ಅವಲಕ್ಕಿ, ಚಟ್ನಿಪುಡಿ, ಬಿಸಿನೀರು ಹಾಕಿದರೆ ಸಾಕಾಗುವ ಉಪ್ಪಿಟ್ಟಿನ ಕಪ್ಪುಗಳು. ಹೆಂಡತಿ ಇಟ್ಟಿದ್ದ ತುಪ್ಪದ ಡಬ್ಬಿಯನ್ನು ತೆಗೆಸಿದೆ. ಹೊರದೇಶಗಳ ಹಾಲಿನ ಉತ್ಪನ್ನಗಳನ್ನು ಪ್ರಯಾಣಿಕರು ಐರೋಪ್ಯ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಅವಳಿಗೆ ಅದು ಇವತ್ತಿಗೂ ಒಪ್ಪಿಗೆಯಿಲ್ಲ. ಬರುವಾಗ ಖಾಲಿ ಜಾಗಕ್ಕೆ ಅಲ್ಲಿನ ಕ್ಯಾಟಲಾಗ್‌ಗಳು ಬಂದವು.

ಎರಡು ದಿನದ ಮೀಟಿಂಗ್ ಆದರೆ ಈಗಲೂ ಬರೀ ಕ್ಯಾಬಿನ್ ಟ್ರಾಲಿಯನ್ನೇ ಒಯ್ಯುತ್ತೇನೆ. ಮೇಳಕ್ಕೆ ಅದು ಸಾಲದು. ಎಲ್ಲವನ್ನೂ ಒಂದೇ ದೊಡ್ಡ ಪೆಟ್ಟಿಗೆಗೆ ಹಾಕುವುದನ್ನು ಯಾರಿಗೂ ಹೇಳಲಾರೆ.

ಹೊಸ ಕ್ಯಾಲಿಪರನ್ನು ಈ ಸಲ ಕಾಲುಚೀಲದಲ್ಲಿ ಸುತ್ತಿ ಚೆಕ್-ಇನ್ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೆ. ಮೇಳದ ಎರಡನೆಯ ದಿನ ಅದೇ ಗಿರಾಕಿ ಮತ್ತೆ ಬಂದರು. ಅವರು ಕೇಳುವ ಮೊದಲೇ ಜೇಬಿನಿಂದ ತೆಗೆದುಕೊಟ್ಟೆ.