ತೋಟಕ್ಕೆ ಹಳೇ ಸಣ್ಣ ಟ್ರ್ಯಾಕ್ಟರೋ, ಹೊಸ ದೊಡ್ಡದೋ?

ನಮ್ಮಲ್ಲಿ ಈಗ ಎರಡೂ ಇವೆ. ಒಂದು ಸೆಕೆಂಡ್ ಹ್ಯಾಂಡಿನಲ್ಲಿ ತಂದ 18 ಎಚ್‌ಪಿ ಟೂ ವೀಲ್ ಡ್ರೈವ್ ಗಾಡಿ (ಎಂಜಿನ್ ಎಳೆತ ಹಿಂದಿನ ಎರಡು ಚಕ್ರಕ್ಕೆ ಮಾತ್ರ), ಅದರ ಮೂಲ ಬಣ್ಣ ಯಾವುದು ಅಂತ ನನಗೂ ಮರೆತಿದೆ. ಇನ್ನೊಂದು ಎರಡು ವರ್ಷದ ಹಿಂದೆ ಸಾಲ ಮಾಡಿ ತಂದ 47 ಎಚ್‌ಪಿ ಫೋರ್ ವೀಲ್. ಕೊಡಗಿನ ಸುಂಟಿಕೊಪ್ಪದ ಹತ್ತಿರ ಇಳಿಜಾರಿನ ರೊಬಸ್ಟಾ ಕಾಫಿ ತೋಟ, ಕೆಳಗೆ ಸ್ವಲ್ಪ ಅಡಿಕೆ, ಅದರಾಚೆ ಗದ್ದೆ. ದೊಡ್ಡದು ಬಂದ ದಿನ ಸಣ್ಣದನ್ನು ಮಾರಿಬಿಡೋಣ ಅಂದಿದ್ದೆ. ಇನ್ನೂ ಮಾರಿಲ್ಲ.

ಹತ್ತು ಅಡಿಗೆ ಒಂದರಂತೆ ನೆಟ್ಟ ರೊಬಸ್ಟಾದ ರೆಕ್ಕೆ (ಅಡ್ಡ ಕೊಂಬೆ) ಹರಡಿದ ಮೇಲೆ ಸಾಲಿನ ನಡುವೆ ಯಾವ ಗಾಡಿಯೂ ಹೋಗುವುದಿಲ್ಲ, ಅದನ್ನು ಬಿಡಿ. ಆದರೆ ಅಡಿಕೆ ಸಾಲು, ಹೊಸ ಗಿಡ ನೆಟ್ಟ ಜಾಗ, ಅಜ್ಜನ ಕಾಲದಲ್ಲಿ ಎತ್ತಿನ ಗಾಡಿಗೆ ಅಂತ ಕಡಿದ ದಾರಿ, ಇಲ್ಲೆಲ್ಲಾ ಸಣ್ಣದು ಸಲೀಸಾಗಿ ತಿರುಗುತ್ತದೆ. ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವ ಕೆಲಸ) ಆದ ಮೇಲೆ ಸೌದೆ ತರುವುದು ಅದರಲ್ಲೇ. ದೊಡ್ಡದನ್ನು ಒಮ್ಮೆ ಆ ದಾರಿಗೆ ಇಳಿಸಿ ಎರಡು ಮೆಣಸಿನ ಬಳ್ಳಿ ಕಿತ್ತುಕೊಂಡು ಬಂದೆ, ಅಪ್ಪ ಎರಡು ದಿನ ಮಾತಾಡಲಿಲ್ಲ.

ಶಿಲೀಂಧ್ರ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುವುದಕ್ಕೂ ಸಣ್ಣದೇ ಸಾಕು. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ ಹಾಕಿ, ಡ್ರಮ್ಮು ದಾರಿಯಲ್ಲಿಟ್ಟು ಉದ್ದ ಪೈಪ್ ಎಳೆದು ಹೊಡೆಯುತ್ತೇವೆ. ಆ ಪಂಪು ಕೇಳುವ ಶಕ್ತಿ ಎಷ್ಟು ಮಹಾ? ಅದಕ್ಕೆ ದಿನವಿಡೀ 47 ಎಚ್‌ಪಿ ಓಡಿಸಿದರೆ ಡೀಸೆಲ್ ಸುಮ್ನೆ ಹೋಗುತ್ತದೆ. ಗದ್ದೆಯಲ್ಲೂ ಹಾಗೇ. ನಮ್ಮದು ಮೊಣಕಾಲುದ್ದ ಹೂಳುವ ಕೆಸರು. ಸಣ್ಣದು ಹಗುರ, ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಪಂಜರದಂಥ ಚಕ್ರ) ಹಾಕಿದರೆ ತೇಲಿದ ಹಾಗೆ ಹೋಗುತ್ತದೆ. ದೊಡ್ಡದು ಮೊದಲ ವರ್ಷವೇ ಹೂತುಕೊಂಡಿತು.

ಆದರೆ ಇಳಿಜಾರಿನಲ್ಲಿ ನಾನು ಹಳೇದನ್ನು ನಂಬುವುದಿಲ್ಲ. ಕೊಯ್ಲಿನ ಸಮಯ, ಬೆಳಗಿನ ಇಬ್ಬನಿ, ಟ್ರೈಲರಿನಲ್ಲಿ ಹಣ್ಣಿನ ಚೀಲ, ಇಳಿಯುವಾಗ ಟ್ರೈಲರ್ ಹಿಂದಿನಿಂದ ತಳ್ಳಿ ಗಾಡಿ ಅಡ್ಡ ತಿರುಗಿತು. ಲೋ ಗೇರಿನಲ್ಲೇ ಇದ್ದೆ, ಆದರೂ. ಹತ್ತುವಾಗ ಮುಂದಿನ ಚಕ್ರ ಎದ್ದದ್ದೂ ಇದೆ. ಹೊಸದರಲ್ಲಿ ತೂಕ ಜಾಸ್ತಿ, ನಾಲ್ಕೂ ಚಕ್ರ ಹಿಡಿಯುತ್ತವೆ, ಎಣ್ಣೆಯಲ್ಲಿ ಮುಳುಗಿದ ಬ್ರೇಕು ಒದ್ದೆಯಲ್ಲೂ ಕೈ ಕೊಡುವುದಿಲ್ಲ. ಈಗ ಕಣಕ್ಕೆ ಹಣ್ಣು ಬರುವುದು ಅದರಲ್ಲೇ. ಫೆಬ್ರವರಿ, ಮಾರ್ಚಿನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಕೆರೆಯಿಂದ ಗುಡ್ಡದ ಮೇಲಕ್ಕೆ ನೀರು ಎತ್ತುವ ಪಂಪೂ ಅದರ ಪಿಟಿಒದಲ್ಲೇ (ಎಂಜಿನ್ ಶಕ್ತಿಯಿಂದ ಬೇರೆ ಯಂತ್ರ ತಿರುಗಿಸುವ ಶಾಫ್ಟ್). ಸಣ್ಣದಕ್ಕೆ ಹಾಕಿ ನೋಡಿದ್ದೆ, ಗುಡ್ಡದ ಮೇಲಿನ ಸ್ಪ್ರಿಂಕ್ಲರ್ ಜೆಟ್ ತಿರುಗಲೇ ಇಲ್ಲ.

ರಿಪೇರಿ ಬಗ್ಗೆ ಹೇಳಲೇಬೇಕು. ಹೊಸದರಲ್ಲಿ ಕ್ಲಚ್ ಒತ್ತದಿದ್ದರೆ ಸ್ಟಾರ್ಟ್ ಆಗದ ಹಾಗೆ ಒಂದು ಸ್ವಿಚ್ ಇದೆ, ಒಳ್ಳೆಯದೇ. ಅದರ ವೈರನ್ನು ಇಲಿ ಕಡಿಯಿತು. ಕೊಯ್ಲಿನ ಮಧ್ಯೆ ಐದು ದಿನ ಗಾಡಿ ಶೆಡ್ಡಿನಲ್ಲಿ, ಸರ್ವೀಸಿನವರು 'ನಾಳೆ ಬರ್ತೇವೆ' ಅಂತಲೇ ಇದ್ದರು. ಹಳೇದಾದರೆ ಊರಿನ ಮೆಕ್ಯಾನಿಕ್ ಅಣ್ಣ ಎರಡು ಸ್ಪ್ಯಾನರ್ ಹಿಡಿದು ಬಂದು, ಕಾಫಿ ಕುಡಿದು, ಬೈದು, ಸರಿ ಮಾಡಿ ಹೋಗುತ್ತಾರೆ.

ಒಂದೇ ಕೊಳ್ಳುವುದಾದರೆ ನಡುವಿನ ಸೈಜ್ ನೋಡಿ. ಮಹೀಂದ್ರಾ ಯುವರಾಜ್ 215 ಒಂದೇ ಸಿಲಿಂಡರಿನ 15 ಎಚ್‌ಪಿ ಗಾಡಿ, ಅದು ನನ್ನ ಸಣ್ಣದಕ್ಕಿಂತಲೂ ಚಿಕ್ಕದು; ನಡುವಿನದು ಅಂದರೆ ಕುಬೋಟಾ ನಿಯೋಸ್ಟಾರ್ ಬಿ2741 27 ಎಚ್‌ಪಿ ಫೋರ್ ವೀಲ್. ನನ್ನ ತೋಟಕ್ಕಾದರೆ ಎರಡನೆಯದರ ಜಾತಿಯದ್ದೇ. ಷೋರೂಮಿಗೆ ಹೋಗುವ ಮೊದಲು ಟೇಪ್ ಹಿಡಿದು ನಿಮ್ಮ ಅತಿ ಕಿರಿದಾದ ದಾರಿ ಅಳೆಯಿರಿ, ಟ್ರಯಲ್ಲಿಗೆ ಗಾಡಿ ತಂದರೆ ತುಂಬಿದ ಟ್ರೈಲರ್ ಕಟ್ಟಿಯೇ ಇಳಿಸಿ ನೋಡಿ.